ನಾವು ಬಲಭೀಮದವರು

ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಅರ್ಧ ಗುಡ್ಡೆ ಮುಗಿಸಿದ್ದೆ. ಅಷ್ಟರಲ್ಲಿ ನನ್ನ ಮಗ ಮುರಳಿಕೃಷ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರು ಅವುಚಿಕೊಂಡು ಹೊರಗೆ ಬಂದ. ಅಂಗಳದಲ್ಲಿ ಹರಡಿದ್ದ ಹಣ್ಣು ದಾಟಲು ಕಾಲೆತ್ತಿದವನು, ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಕೊಕ್ಕರೆಯ ಹಾಗೆ ನಿಂತುಬಿಟ್ಟ. ಎಡಕ್ಕೂ ಜಾಗವಿತ್ತು, ಬಲಕ್ಕೂ ಜಾಗವಿತ್ತು. ಒಂದೇ ಕಡೆ ಇದ್ದಿದ್ದರೆ ಯಾವಾಗಲೋ ದಾಟಿರುತ್ತಿದ್ದ.

"ಕೃಷ್ಣಗಿರಿಗೆ ಹೋಗ್ಬತ್ತೀನಮ್ಮ," ಅಂದ.

"ಕಾಗದಕ್ಕೆ ತಾರೀಕು ಹೇಳಿ ಹೋಗು ಕಣ್ಲಾ," ಅಂದೆ.

"ಗಾಡಿ ಒಂದ್ ಆಗ್ಲಿ ಬುಡಮ್ಮ."

ಈ ಕಾಗದದ ವಿಚಾರ ಮೊದಲು ಹೇಳಿಬಿಡುತ್ತೇನೆ. ಮೊಮ್ಮಗಳು ಸುಧಾಗೆ ಎರಡು ತುಂಬಿತ್ತು. ಮುಡಿ ತೆಗೆಸಿ ಕಿವಿ ಚುಚ್ಚಿಸಬೇಕು. ಆಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಆ ಮಾವನನ್ನು ಫೋನಿನಲ್ಲಿ ಕರೆದರೆ ನಮ್ಮ ಮನೆತನದಲ್ಲಿ ಅದು ಕರೆದಂತಲ್ಲ. ಮನೆಗೆ ಹಿರಿಯರಾದವರು ಕೈಯಾರೆ ಬರೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಟಪಾಲಿನಲ್ಲಿ ಕಳಿಸಬೇಕು. ಹಿರಿಯಳು ನಾನೇ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಇಂಥ ಹೊತ್ತಿಗೆ ತಾನೇ ಬೇಕಾಗುವುದು ಎಂದು ಯುಗಾದಿಗೆ ಮುಂಚೆಯೇ ಬರೆದಿಟ್ಟಿದ್ದೆ. ತಾರೀಕಿನ ಜಾಗ ಮಾತ್ರ ಖಾಲಿ. ಮಗಳನ್ನು ಹೊಸ ಗಾಡಿಯಲ್ಲೇ ಗುಡ್ಡದ ಮೇಲಿನ ಮನೆದೇವರಿಗೆ ಕರೆದೊಯ್ಯಬೇಕೆಂದು ಮುರಳಿಗೆ ಆಸೆ. ಯಾವ ಗಾಡಿ ಎಂಬುದು ತೀರ್ಮಾನವಾಗಿರಲಿಲ್ಲ. ಹಾಗಾಗಿ ತಾರೀಕೂ ಇಲ್ಲ, ಕಾಗದವೂ ಹೋಗಲಿಲ್ಲ.

ಅವನ ತಲೆಗೆ ಹೊಸ ಗಾಡಿ ಹೊಕ್ಕಿದ್ದು ಒಂದು ಮಳೆಯ ದಿನ. ಟೊಮೇಟೊ ಕ್ರೇಟು ಹೊತ್ತ ನಮ್ಮ ಹಳೆಯ ಪಿಕಪ್ಪು ಗುಡ್ಡದ ಹೊಲದ ಹಾದಿಯಲ್ಲಿ ಹೂತುಕೊಂಡಿತ್ತು. ಊರಿನ ಅರ್ಧ ಗಂಡಸರು ಹಿಂದೆ ನಿಂತು ತಳ್ಳುತ್ತಿದ್ದರು. ಆಗ ಮೇಲಿನ ಫಾರ್ಮ್ ಹೌಸಿನವರ ಹಿಕಾರಿ ಎಂಬ ಪರದೇಶಿ ಪಿಕಪ್ಪು, ನಾಲ್ಕು ಚಕ್ರದಲ್ಲೂ ಮಣ್ಣನ್ನು ಹಿಡಿದುಕೊಂಡು, ಒಂದು ಹಾರ್ನೂ ಹೊಡೆಯದೆ ಇವರ ಪಕ್ಕದಲ್ಲೇ ಹತ್ತಿಹೋಯಿತು. ತಳ್ಳುತ್ತಿದ್ದವರೆಲ್ಲ ಕೈಬಿಟ್ಟು ಅದನ್ನೇ ನೋಡಿದರು. ನಮ್ಮ ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿ ಪಿಳ್ಳಮ್ಮನ ಬೇಲಿಯನ್ನು ಒರಗಿಕೊಂಡಿತು.

ಗಾಡಿ ನೋಡುವುದು ಅಪರಾಧವಲ್ಲ. ಆದರೆ ನಮ್ಮ ಸೊಸೆ ಶಶಿರೇಖಾಳ ಅಣ್ಣ ತಿಮ್ಮರಾಜು ಇದ್ದಾನಲ್ಲ, ಆ ಸೋದರಮಾವ, ಅವನು ಪಕ್ಕದೂರು ಬೇರಿಕೆಯಲ್ಲಿ ಮೆಕ್ಯಾನಿಕ್ಕು. ಬಲಭೀಮ ಕಂಪನಿಯ ಗಾಡಿ ಬಿಟ್ಟು ಬೇರೆಯದರ ಬಾನೆಟ್ಟು ಎತ್ತುವವನಲ್ಲ. ಬೇರೆ ಗಾಡಿ ಅವನ ಶೆಡ್ಡಿನ ಮುಂದೆ ಕೆಟ್ಟು ನಿಂತರೆ ಡ್ರೈವರಿಗೆ ಕುಡಿಯಲು ನೀರು ಕೊಟ್ಟು, ಪಾಪ ಎನ್ನುವ ಮುಖ ಮಾಡಿ, ಮುಂದಿನ ಶೆಡ್ಡಿಗೆ ದಾರಿ ತೋರಿಸುತ್ತಾನೆ. ತಂಗಿಯನ್ನು ಕೊಡುವಾಗ ನಮ್ಮ ಮನೆಯಲ್ಲಿ ಯಾವ ಗಾಡಿ ಎಂದು ಮೊದಲು ಕೇಳಿ, ಬಲಭೀಮ ಎಂದು ತಿಳಿದ ಮೇಲೆ ಹುಡುಗನ ಜಾತಕ ಕೇಳಿದವನು. "ನಾವು ಬಲಭೀಮದೋರು," ಎಂದು ಅವನು ಹೇಳುವುದನ್ನು ಕೇಳಿದರೆ, ಆ ಕಂಪನಿ ಅವನ ಮುತ್ತಾತನ ಕಾಲದಲ್ಲಿ ಮಣ್ಣಿನಿಂದ ಎದ್ದು ಬಂದಿತೇನೋ ಅನ್ನಿಸಬೇಕು. ಇನ್ನು ನಾಲ್ಕು ಚಕ್ರ ಎಳೆಯುವ ಗಾಡಿ ಎಂದರೆ, ಅದು ಬಲಭೀಮದ್ದೇ ಆದರೂ, ಓಡಿಸಲು ಬಾರದವರ ಊರುಗೋಲು ಎಂಬುದು ಅವನ ಸಿದ್ಧಾಂತ.

ಆದ್ದರಿಂದ ಮುರಳಿ ಹೊಸೂರಿನ ಶೋರೂಮುಗಳ ಕಡೆ ತಲೆ ಹಾಕಲಿಲ್ಲ. ತಿಮ್ಮರಾಜು ಸ್ಪೇರ್ ತರಲು ಹೊಸೂರಿಗೆ ಹೋಗುತ್ತಿರುತ್ತಾನೆ. ಇವನು ಕೃಷ್ಣಗಿರಿಯ ಹಿಕಾರಿ ಶೋರೂಮಿಗೆ ಹೋದ. ಹೆಂಡತಿಗೆ ಹೇಳಿದರೆ ಅವಳು ಅಣ್ಣನಿಗೆ ಹೇಳುತ್ತಾಳೆ ಎಂದು ಅವಳಿಗೂ ಹೇಳಲಿಲ್ಲ. ನನಗೊಬ್ಬಳಿಗೆ ಹೇಳಿ, ಮಲಗಿದ್ದ ಮಗುವಿನ ತಲೆಯ ಮೇಲೆ ನನ್ನ ಕೈ ಇಡಿಸಿ, ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡ. ನಾನು ಗಾಡಿಯ ವಿಷಯಕ್ಕೆ ಇಷ್ಟು ದೊಡ್ಡ ಆಣೆಯೇ ಎಂದುಕೊಂಡೆ. ಮುಂದೆ ಆ ಆಣೆಯ ತೂಕ ನನಗೆ ಚೆನ್ನಾಗಿ ಗೊತ್ತಾಯಿತು.

ತಮಿಳು ಸೀಮೆಗೆ ಸೇರಿದ ನಮ್ಮ ಕಡೆ ಹೊಸೂರಿಗೆ ಹೋಗುವವನಿಗೆ ನೂರು ಕೆಲಸ ಇರಬಹುದು. ಕೃಷ್ಣಗಿರಿಗೆ ಹೋಗುವವನು, ಅದೂ ಮಾವಿನ ಕಾಲವಲ್ಲದ ಕಾಲದಲ್ಲಿ, ಇಸ್ತ್ರಿ ಅಂಗಿಯಲ್ಲಿ, ಕಂಕುಳಲ್ಲಿ ಕವರು ಇಟ್ಟುಕೊಂಡು ಹೋಗುವವನಿಗೆ ಒಂದೇ ಕೆಲಸ. ಜಿಲ್ಲೆಯ ದೊಡ್ಡ ಕೋರ್ಟು ಇರುವುದು ಅಲ್ಲೇ, ಅವನು ಕೋರ್ಟಿಗೆ ಹೋಗುತ್ತಿದ್ದಾನೆ. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಮೊದಲು ಪತ್ತೆ ಮಾಡಿದವಳು ಬೇಲಿಯ ಪಿಳ್ಳಮ್ಮ. ಮುರಳಿ ಎರಡನೇ ಸಲ ಹೋದಾಗ ಅವಳಿಗೆ ಅನುಮಾನ ಬಂತು. ಮೂರನೇ ಸಲ ಕವರು ದಪ್ಪವಾಗಿತ್ತು. ಅದರಲ್ಲಿದ್ದದ್ದು ಹಿಕಾರಿಯ ಬಣ್ಣದ ಚಿತ್ರಗಳು ಮತ್ತು ಬೆಲೆಯ ಕೊಟೇಶನ್ನು. ಪಿಳ್ಳಮ್ಮ ಬಂದು ನನ್ನ ಪಕ್ಕ ಕೂತು, ತಾನೂ ನಾಲ್ಕು ಹುಣಸೆ ಬೀಜ ಬಿಡಿಸಿ, ಯಾರ ಮೇಲೆ ಹಾಕಿದ್ದಾನೆ ಎಂದು ಕೇಳಿದಳು. ಏನು ಹಾಕಿದ್ದಾನೆ ಎಂದೆ. ಬಿಡಕ್ಕ, ನೀನು ಹೇಳಲ್ಲ ಅಂತ ಗೊತ್ತು ಎಂದಳು. ನನಗೆ ಆಣೆ. ನಾನು ಬೀಜ ನೋಡುತ್ತಾ ಕೂತೆ. ನಾನು ಮಾತಾಡಲಿಲ್ಲ ಎಂಬುದೇ ಅವಳಿಗೆ ದೊಡ್ಡ ಸಾಕ್ಷಿಯಾಯಿತು.

ಸಂಜೆಯ ಹೊತ್ತಿಗೆ ಯಾರ ಮೇಲೆ ಎಂಬುದೂ ಇತ್ಯರ್ಥವಾಗಿತ್ತು. ಮುರಳಿಗೆ ದಾಯಾದಿಗಳಿಲ್ಲ. ನಮ್ಮ ಹೊಲದ ಗಡಿಗೆ ತಕರಾರಿಲ್ಲ. ಹೆಣ್ಣುಮಕ್ಕಳಿಗೂ ತವರಿನ ಆಸ್ತಿಯಲ್ಲಿ ಪಾಲುಂಟು ಎಂಬುದು ಈಗ ಎಲ್ಲರಿಗೂ ಗೊತ್ತು. ತಿಮ್ಮರಾಜುವಿನ ಹತ್ತಿರ ಬೇರಿಕೆ ರಸ್ತೆಗೆ ತಾಗಿದ ಜಮೀನಿದೆ. ಅಂದಮೇಲೆ ಮುರಳಿ ಹೆಂಡತಿಯ ಪಾಲಿಗಾಗಿ ಭಾವನ ಮೇಲೆ ದಾವೆ ಹೂಡಿದ್ದಾನೆ. ಇಷ್ಟು ಅಚ್ಚುಕಟ್ಟಾದ ಕೇಸನ್ನು ಯಾವ ವಕೀಲನೂ ಕಟ್ಟಿಕೊಡಲಾರ.

ಇದರಿಂದ ಅತ್ಯಂತ ಸಂತೋಷಪಟ್ಟವರು ನಾರಾಯಣಪ್ಪನವರು. ಅವರು ಒಂದು ಬದುವಿನ ವ್ಯಾಜ್ಯವನ್ನು ಯೌವನದಲ್ಲಿ ಹಿಡಿದು ಈಗ ಕೋಲು ಹಿಡಿಯುವ ತನಕ ನಡೆಸಿಕೊಂಡು ಬಂದವರು. ಊರಿನಲ್ಲಿ ಕೋರ್ಟಿನ ಮಾತಾಡಲು ಜೊತೆಗಾರರಿಲ್ಲದೆ ಸೊರಗಿದ್ದರು. ಮುರಳಿಯನ್ನು ಹುಡುಕಿಕೊಂಡು ಬಂದು ಜಗಲಿಯ ಮೇಲೆ ಕೂತು, ಆ ಕಡೆಯವರು ಏನನ್ನುತ್ತಾರೆ ಎಂದು ಮೆಲ್ಲಗೆ ಕೇಳಿದರು. ಗುಟ್ಟು ಬಯಲಾಯಿತೆಂದು ಮುರಳಿ ಬೆವರಿದ. ನಾರಾಯಣಪ್ಪನವರು ತಾವು ಯಾರಿಗೂ ಹೇಳುವುದಿಲ್ಲ ಎಂದ ಮೇಲೆ ಅವನಿಗೆ ಧೈರ್ಯ ಬಂತು. ಹೋದಾಗಲೆಲ್ಲ ಒಂದಿಷ್ಟು ಇಳಿಯುತ್ತಿದ್ದಾರೆ, ಆದರೂ ನಮಗೆ ಎಟುಕುವ ಹಾಗಿಲ್ಲ ಎಂದ.

"ಬಗ್ಗಬೇಡ ಮಗ. ನೀನು ಬಾಯಿ ಮುಚ್ಕೊಂಡು ಕೂತ್ಕೊ, ಅವರೇ ಇಳೀತಾರೆ," ಎಂದು ನಾರಾಯಣಪ್ಪನವರು ಬೆನ್ನು ತಟ್ಟಿ ಹೋದರು. ಹೋದವರು, ತಿಮ್ಮರಾಜು ರಾಜಿಗೆ ಬರುತ್ತಿದ್ದಾನಂತೆ, ಆದರೂ ಮುರಳಿ ಜಪ್ಪಯ್ಯ ಅನ್ನುತ್ತಿಲ್ಲವಂತೆ ಎಂದು ಊರೆಲ್ಲ ಹೇಳಿದರು. ಅದು ತಿಮ್ಮರಾಜುವಿಗೂ ತಲುಪಿತು. ಕೋರ್ಟಿನಿಂದ ನೋಟೀಸು ಬಂದಿಲ್ಲ ಎಂದು ಅವನು ಮೊದಲು ನಂಬಲಿಲ್ಲವಂತೆ. ನೋಟೀಸು ಬರಲು ವರ್ಷಗಟ್ಟಲೆ ಹಿಡಿಯುತ್ತದೆ ಎಂದು ನಾರಾಯಣಪ್ಪನವರೇ ಅವನಿಗೆ ಸಮಾಧಾನ ಹೇಳಿದರಂತೆ. ಆಮೇಲೆ ತಿಮ್ಮರಾಜು ಇನ್ನೊಂದು ಲೆಕ್ಕ ಹಾಕಿದ. ಮಗುವಿಗೆ ಎರಡು ತುಂಬಿದೆ, ಅರಿಶಿನದ ಕಾಗದ ಬಂದಿಲ್ಲ. ಅಲ್ಲಿಗೆ ಅವನಿಗೆ ಎಲ್ಲವೂ ಖಾತ್ರಿಯಾಯಿತು.

ಅವನು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ವಾರ ನಮ್ಮ ಹಳೆಯ ಗಾಡಿ ಬ್ರೇಕಿನ ಕೆಲಸಕ್ಕೆ ಅವನ ಶೆಡ್ಡಿಗೆ ಹೋಗಿತ್ತು. ಬ್ರೇಕಿನ ಜೊತೆಗೆ ಹೊಸ ವೈಪರು, ಹೊಸ ಮ್ಯಾಟು, ಎಂದೂ ಉರಿಯದ ಒಳಗಿನ ಲೈಟು, ಎಲ್ಲ ಹಾಕಿ, ತೊಳೆದು, ಹಣೆಗೆ ಕುಂಕುಮವಿಟ್ಟು ಕಳಿಸಿದ. ಕೂಲಿಯೂ ಬೇಡ ಎಂದನಂತೆ. ತವರಿನಿಂದ ಕೊನೆಯ ಸಲ ಹೆಣ್ಣನ್ನು ಕಳಿಸುವವರ ಹಾಗೆ. ಮುರಳಿಗೆ ಅದೇನೂ ಹೊಳೆಯಲಿಲ್ಲ. ಗಾಡಿಯ ಸುತ್ತ ಮೂರು ಸುತ್ತು ಬಂದು, "ನಮ್ ಬಾವ ಚಿನ್ನದಂಥೋರಮ್ಮ," ಎಂದು ಹಿಗ್ಗಿದ.

ಮರುದಿನ ಚಿನ್ನದಂಥವನು ತಂಗಿಗೆ ಫೋನು ಮಾಡಿದ. ಶಶಿರೇಖಾ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಫೋನು ಹಿಡಿದಳು. ಸ್ವಲ್ಪ ಹೊತ್ತಿಗೆ ಗೋಡೆಗೆ ಒರಗಿ ಕೂತಳು. ನಿನ್ನ ಪಾಲು ಎಷ್ಟೆಂದು ಬಾಯಲ್ಲಿ ಕೇಳಿದ್ದರೆ ನಾನೇ ಅಳೆದು ಕೊಡುತ್ತಿದ್ದೆ, ಕೋರ್ಟಿಗೆ ಯಾಕೆ ಹೋಗಬೇಕಿತ್ತು ಎಂದನಂತೆ. ಮಗುವಿನ ಕಿವಿ ಚುಚ್ಚುವಾಗ ಬೇರೆ ಯಾರ ತೊಡೆಯನ್ನಾದರೂ ನೋಡಿಕೊಳ್ಳಿ ಎಂದೂ ಹೇಳಿದನಂತೆ.

ಅವಳು ನನ್ನ ಹತ್ತಿರ ಬಂದು ನಿಂತಳು. "ಅತ್ತೆ, ಇವರು ಕೃಷ್ಣಗಿರಿಗೆ ಯಾಕೆ ಹೋಯ್ತಾರೆ?"

ಮಗುವಿನ ತಲೆಯ ಮೇಲೆ ಕೈ ಇಟ್ಟದ್ದು ನೆನಪಿಗೆ ಬಂತು. "ಅವನನ್ನೇ ಕೇಳವ್ವ," ಅಂದೆ.

ಅವನನ್ನು ಕೇಳಿದಳು. ಅವನು ಮೇಲೆ ನೋಡಿದ, ಕೆಳಗೆ ನೋಡಿದ. "ಅಂಗೇ, ಒಂದ್ ಚಿಕ್ಕ ಕೆಲಸ," ಅಂದ. ಗಂಡಸರು ಹೇಳುವ ಸುಳ್ಳುಗಳಲ್ಲೇ ಇಷ್ಟು ಬಡಕಲಾದದ್ದನ್ನು ನಾನು ಕಂಡಿಲ್ಲ. ಶಶಿರೇಖಾ ಒಳಗೆ ಹೋದಳು. ಅವತ್ತಿನಿಂದ ಮುದ್ದೆ, ಸಾರು, ಮಜ್ಜಿಗೆ ಎಲ್ಲ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬಂತು. ಮಾತು ಬರಲಿಲ್ಲ. ಅವಳಿಗೆ ಅಪ್ಪ ಅಮ್ಮ ಇಲ್ಲ. ತವರು ಎಂದರೆ ಆ ಅಣ್ಣನೊಬ್ಬನೇ. ಇದು ಮುರಿದರೆ ಹಬ್ಬಕ್ಕೆ ಹೋಗಿ ಕೂರಲು ಒಂದು ಹೊಸ್ತಿಲು ಇರುವುದಿಲ್ಲ. ನನಗೂ ಎರಡು ದಿನ ಊಟ ಸೇರಲಿಲ್ಲ. ಆಣೆ ಮುರಿದರೆ ಮಗುವಿಗೆ ಏನಾಗುತ್ತದೋ, ಮುರಿಯದಿದ್ದರೆ ಮನೆಗೆ ಏನಾಗುತ್ತದೋ. ಕಡೆಗೆ, ಬಾಯಿ ಬಿಡಬಾರದು ಎಂದಿದೆಯೇ ಹೊರತು ಕರೆದುಕೊಂಡು ಹೋಗಿ ತೋರಿಸಬಾರದು ಎಂದೇನಿಲ್ಲವಲ್ಲ ಎಂದು ನನಗೆ ಹೊಳೆಯಿತು.

ಮುಂದಿನ ಸಲ ಮುರಳಿ ಮೋಟಾರ್ ಸೈಕಲ್ಲು ಹತ್ತಿ ಕೃಷ್ಣಗಿರಿಗೆ ಹೊರಟ ಕೂಡಲೇ ಶಶಿರೇಖಾಳ ಕೈಲಿ ಅಣ್ಣನಿಗೆ ಫೋನು ಮಾಡಿಸಿದೆ. ನಿನ್ನ ಪಿಕಪ್ಪು ತಗೊಂಡು ಬಾ, ನಿನ್ನ ಕಣ್ಣಾರೆ ನೋಡು ಎಂದೆ. ಅವನು ಬಿಳಿ ಪಂಚೆ ಬಿಳಿ ಅಂಗಿಯಲ್ಲಿ ಬಂದ. ಕೋರ್ಟಿಗೆ ಹೋಗುವ ಗೌರವ ಅವನಿಗೂ ಗೊತ್ತಿತ್ತು. ಮುಂದೆ ಅವನು, ನಾನು, ಮಗುವನ್ನು ಎತ್ತಿಕೊಂಡ ಶಶಿರೇಖಾ. ಹಿಂದೆ ತೊಟ್ಟಿಯಲ್ಲಿ ದಾರಿ ತೋರಿಸಲು ನಾರಾಯಣಪ್ಪನವರು, ಯಾತಕ್ಕೆ ಎಂದು ಯಾರೂ ಕೇಳದ ಪಿಳ್ಳಮ್ಮ. ದಾರಿಯುದ್ದಕ್ಕೂ ತಿಮ್ಮರಾಜು ಒಂದೇ ಮಾತಾಡಿದ್ದು. ಇಂಜಿನ್ನು ಎಷ್ಟು ಮೆತ್ತಗೆ ಓಡ್ತಾ ಐತೆ ನೋಡಿ ಅತ್ತೆ, ಎಂದ. ದುಃಖದಲ್ಲೂ ಬಲಭೀಮದ ಅಭಿಮಾನ ಬಿಟ್ಟಿರಲಿಲ್ಲ.

ಕೋರ್ಟಿನ ಹತ್ತಿರ ಮುರಳಿ ಕಾಣಲಿಲ್ಲ. ನಾರಾಯಣಪ್ಪನವರು ಟೀ ಅಂಗಡಿಗಳಲ್ಲಿ ವಿಚಾರಿಸುತ್ತಾ ಹೋದರು. ಅಷ್ಟರಲ್ಲಿ ಕಪ್ಪು ಕೋಟಿನವರೊಬ್ಬರು ಓಡಿಬಂದು ಅವರ ರಟ್ಟೆ ಹಿಡಿದುಕೊಂಡರು. ಅವರು ನಾರಾಯಣಪ್ಪನವರ ವಕೀಲರೇ. ಇವರ ಬದುವಿನ ಕೇಸು ಅವತ್ತೇ ಕೂಗುವುದಿತ್ತು. ಮುರಳಿಯ ಕೇಸಿನ ಭರದಲ್ಲಿ ಇವರು ತಮ್ಮದನ್ನು ಮರೆತಿದ್ದರು. ಅವರನ್ನು ಮೆಟ್ಟಿಲು ಹತ್ತಿಸಿಕೊಂಡು ಹೋದದ್ದಷ್ಟೇ ನಾವು ಕಂಡದ್ದು.

"ತಿಮ್ಮರಾಜು, ಹೈವೇ ಕಡೆ ತಿರುಗಿಸಪ್ಪ," ಅಂದೆ.

ಹೆದ್ದಾರಿಯ ಪಕ್ಕದಲ್ಲಿ ಗಾಜಿನ ದೊಡ್ಡ ಕಟ್ಟಡ. ಮುಂದೆ ಮುರಳಿಯ ಮೋಟಾರ್ ಸೈಕಲ್ಲು ನಿಂತಿದ್ದನ್ನು ಹಿಂದಿನಿಂದ ಪಿಳ್ಳಮ್ಮ ಮೊದಲು ಕಂಡು ತಗಡು ಬಡಿದಳು. ಇಷ್ಟು ಚೆಂದದ ಕೋರ್ಟು ಯಾವಾಗ ಕಟ್ಟಿದರು ಎಂದೂ ಕೇಳಿದಳು.

ಒಳಗೆ ಹೋದರೆ ಮೈ ನಡುಗುವಷ್ಟು ತಂಪು. ನಡುವೆ ದೀಪಗಳ ಕೆಳಗೆ ಹಿಕಾರಿ ನಿಂತಿತ್ತು. ಅದರ ಎದುರಿನ ಸೋಫಾದಲ್ಲಿ, ಕಾಲ ಮೇಲೆ ಕಾಲು ಹಾಕಿ, ಕೈಯಲ್ಲಿ ಕಾಫಿ ಕಪ್ಪು ಹಿಡಿದು, ಊರಿನಲ್ಲಿ ಯಾರೂ ಕಂಡಿರದ ಗಾಂಭೀರ್ಯದಲ್ಲಿ ನನ್ನ ಮಗ ಕೂತಿದ್ದ. ಒಬ್ಬ ಮ್ಯಾನೇಜರು ಅವನ ಮುಂದೆ ಬಗ್ಗಿ ಕ್ಯಾಲ್ಕುಲೇಟರು ಒತ್ತುತ್ತಾ, "ಸಾರ್, ಇದುಕ್ಕು ಮೇಲೆ ಮುಡಿಯಾದು ಸಾರ್," ಇನ್ನು ಇಳಿಸಲು ಆಗುವುದೇ ಇಲ್ಲ ಎಂದು ತಮಿಳಿನಲ್ಲಿ ಗೋಗರೆಯುತ್ತಿದ್ದ. ಮುರಳಿ ಸುಮ್ಮನಿದ್ದ. ಮ್ಯಾನೇಜರು ನಿಟ್ಟುಸಿರು ಬಿಟ್ಟು ಮತ್ತೆ ಒತ್ತಿದ.

ಆಮೇಲೆ ಮುರಳಿ ನಮ್ಮನ್ನು ನೋಡಿದ. ಕಪ್ಪು ಕೆಳಗಿಡಲು ಟೀಪಾಯಿಯೂ ಇತ್ತು, ಪಕ್ಕದಲ್ಲಿ ಸ್ಟೂಲೂ ಇತ್ತು. ಅವನು ಕಪ್ಪು ಹಿಡಿದುಕೊಂಡೇ ಎದ್ದು ನಿಂತ.

"ಕೋರ್ಟು ಎಲ್ಲಿ?" ಎಂದ ತಿಮ್ಮರಾಜು.

"ಯಾವ ಕೋರ್ಟು ಬಾವ?"

ಆಗ ಎಲ್ಲ ಬಿಚ್ಚಿಕೊಂಡಿತು. ದಾವೆ ಇಲ್ಲ, ವಕೀಲನಿಲ್ಲ, ಕವರಿನಲ್ಲಿದ್ದದ್ದು ಗಾಡಿಯ ಚಿತ್ರ. ಶಶಿರೇಖಾ ಮಗುವನ್ನು ಅಪ್ಪಿಕೊಂಡು ಅಳುತ್ತಾ ನಗತೊಡಗಿದಳು. ತಿಮ್ಮರಾಜುವಿನ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆ ಅವನ ಕಣ್ಣು ನಿಧಾನವಾಗಿ ಮುರಳಿಯಿಂದ ಹಿಕಾರಿಯ ಕಡೆಗೆ ಹೊರಳಿತು. ವಿಷಯ ಅರ್ಥವಾದಂತೆಲ್ಲ ಮುಖ ಮತ್ತೆ ಕಪ್ಪಿಟ್ಟಿತು.

"ಜಮೀನು ಕೇಳಿದ್ರೆ ಕೊಟ್ಟುಬುಡ್ತಿದ್ನಲ್ಲ ಮುರಳಿ," ಎಂದ. ಹಿಕಾರಿಯ ಕಡೆ ಕೈ ತೋರಿಸಿದ. "ಅದಕ್ಕೆ ಮನಸ್ಸೂ ಮಾಡ್ಕೊಂಡಿದ್ದೆ. ಇದು ನಂಗೆ ಗೊತ್ತಿರ್ಲಿಲ್ಲ."

ಮ್ಯಾನೇಜರಿಗೆ ಮಾತ್ರ ಹುಮ್ಮಸ್ಸು ಬಂತು. ಗಟ್ಟಿ ಗಿರಾಕಿ ತೀರ್ಮಾನಕ್ಕಾಗಿ ಮನೆಮಂದಿಯನ್ನೆಲ್ಲ ಕರೆಸಿದ್ದಾನೆ ಎಂದುಕೊಂಡು ಎಲ್ಲರಿಗೂ ಕಾಫಿ ಹೇಳಿ, ಬೆಲೆಯನ್ನು ಇನ್ನೊಂದು ಮೆಟ್ಟಿಲು ಇಳಿಸಿಬಿಟ್ಟ.

ತಿಮ್ಮರಾಜು ಕಾಫಿ ಮುಟ್ಟಲಿಲ್ಲ. ಹಿಕಾರಿಯ ಸುತ್ತ ಒಂದು ಸುತ್ತು ಬಂದು, ಇದರ ಹುಳುಕು ನಾನು ತೋರಿಸುತ್ತೇನೆ ಎಂದು, ಬಿಳಿ ಪಂಚೆ ಎತ್ತಿ ಕಟ್ಟಿ, ಆ ಹೊಳೆಯುವ ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ನುಸುಳಿದ. ಎರಡು ಪಾದ ಮಾತ್ರ ಹೊರಗಿದ್ದವು. ಮೊದಮೊದಲು ಒಳಗಿನಿಂದ ಹುಂ, ಹುಂ ಎಂದು ಸದ್ದು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ನಮ್ಮ ಕಾಫಿ ಮುಗಿಯಿತು. ಪಿಳ್ಳಮ್ಮ ಎರಡನೆಯದನ್ನೂ ಕುಡಿದಳು. ಅಣ್ಣ ನಿದ್ದೆ ಹೋದನೇ ಎಂದು ಶಶಿರೇಖಾ ಬಗ್ಗಿ ನೋಡಿದಳು.

ಹೊರಗೆ ಬಂದವನು ಎದ್ದು ಕೂತು ತನ್ನ ಎರಡೂ ಅಂಗೈ ನೋಡಿಕೊಂಡ. ಒಂದು ತೊಟ್ಟು ಎಣ್ಣೆಯಿಲ್ಲ, ಮಸಿಯಿಲ್ಲ.

"ಚೆನ್ನಾಗವ್ನೆ," ಎಂದ, ಬಹಳ ಮೆಲ್ಲಗೆ. "ಏನ್ ಕಟ್ಟವ್ರೆ ಅಂತೀಯ ಬಾವ. ಒಂದೊಂದು ಬೋಲ್ಟೂ ಕೈಗೆ ಸಿಕ್ಕೋ ಜಾಗದಾಗೆ ಐತೆ." ಆಮೇಲೆ ಅತ್ತಿತ್ತ ನೋಡಿ, "ಶೆಡ್ಡಿನ ಹತ್ರ ಯಾರೂ ಈ ಮಾತು ಎತ್ಬೇಡಿ," ಎಂದ.

ಬೆಲೆ ಎಷ್ಟೆಂದು ಅವನು ಕೇಳಿದ್ದು ಆಗಲೇ. ಅಲ್ಲಿ ಕೆಲಸಕ್ಕೆ ಮಾಲಿನಿ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ಚನ್ನರಾಯಪಟ್ಟಣದ ಕಡೆಯಿಂದ ಹೊಸೂರಿನ ಕಾರ್ಖಾನೆಗೆ ಬಂದು ಅಲ್ಲೇ ಆಲಸನತ್ತಂ ಎಂಬಲ್ಲಿ ಮನೆ ಮಾಡಿದವರಂತೆ. ಅವಳು ಚೊಕ್ಕ ಕನ್ನಡದಲ್ಲಿ, ಇಳಿಸಿ ಇಳಿಸಿ ಮೂವತ್ತಾರು ಲಕ್ಷಕ್ಕೆ ಬಂದಿದೆ ಎಂದಳು. ತಿಮ್ಮರಾಜು ಮತ್ತೆ ನೆಲದ ಮೇಲೆ ಕೂತ. ಆ ದುಡ್ಡಿಗೆ ಬಲಭೀಮದ ನಾಲ್ಕು ಚಕ್ರ ಎಳೆಯುವ ಗಾಡಿ ಮೂರು ಬರುತ್ತವೆ. ಶಶಿರೇಖಾ ಗಾಡಿಯ ಹಿಂದಕ್ಕೆ ಹೋಗಿ, ತೊಟ್ಟಿಯೊಳಗೆ ಕೈಯಿಂದ ಗೇಣು ಹಾಕಿ ಅಳೆದು, ಇದರಲ್ಲಿ ನಮ್ಮ ಟೊಮೇಟೊ ಕ್ರೇಟು ಅರ್ಧ ಲೋಡೂ ಹಿಡಿಯಲ್ಲ ಎಂದಳು. ಹೌದಕ್ಕ, ಇದನ್ನು ಹೆಚ್ಚಾಗಿ ಬೆಟ್ಟ ಸುತ್ತುವವರು ತೆಗೆದುಕೊಳ್ಳುತ್ತಾರೆ ಎಂದು ಮಾಲಿನಿ ಒಪ್ಪಿಕೊಂಡಳು.

"ಹಂಗಾದ್ರೆ ಇಷ್ಟು ಸಲ ಯಾಕ್ಲಾ ಬಂದೆ?" ಎಂದು ನಾನು ಕೇಳಿದೆ.

ಮುರಳಿ ಬಾಯಿಬಿಟ್ಟ. ಮೊದಲ ದಿನವೇ ಬೆಲೆ ಕೇಳಿ ಎದೆ ನಿಂತುಹೋಗಿತ್ತಂತೆ. ಎದ್ದು ಬರೋಣವೆಂದರೆ ಅಷ್ಟರಲ್ಲಿ ಕಾಫಿ ಬಂತು. ಸಾರ್ ಎಂದರು. ಕೂರಿಸಿದರು. ಮತ್ತೆ ಯಾವಾಗ ಬರ್ತೀರಿ ಎಂದು ಕೇಳಿದಾಗ ಬರಲ್ಲ ಎನ್ನಲು ಬಾಯಿ ಬರಲಿಲ್ಲ. ಎರಡನೇ ಸಲ ಬಂದರೆ ಬೆಲೆ ಇಳಿಸಿದರು. ಅಷ್ಟು ಇಳಿಸಿದವರಿಗೆ ಬೇಡ ಎಂದರೆ ನೊಂದುಕೊಳ್ಳುತ್ತಾರೆ ಎಂದು ಸುಮ್ಮನೆ ಕೂತ. ಅದನ್ನು ನೋಡಿ ಇನ್ನೂ ಇಳಿಸಿದರು. "ಅವ್ರು ಇಳಿಸ್ತಾ ಹೋದ್ರು, ನಾನು ಬತ್ತಾ ಹೋದೆ," ಎಂದ.

ನಾನು ಮಾಲಿನಿಯ ಕೈ ಹಿಡಿದು ಹೇಳಿದೆ: "ಮಗಳೇ, ಇವನಿಗೆ ಬೇಡ ಅನ್ನೋ ಮಾತು ಚಿಕ್ಕಂದಿನಿಂದ್ಲೂ ಬಾಯಾಗೆ ಬರಲ್ಲ. ಇವನ ಬದಲು ನಾನ್ ಹೇಳ್ತೀನಿ. ಬೇಡ ಕಣವ್ವ."

ಅವಳು ಬಾಯಿಗೆ ಹಿಡಿಯಲು ಸೆರಗಿಲ್ಲದೆ ಅಂಗೈ ಅಡ್ಡ ಹಿಡಿದು ನಕ್ಕಳು. ಈ ಶೋರೂಮಿನಲ್ಲಿ ಇವರಷ್ಟು ಬಿಗಿಯಾಗಿ ಚೌಕಾಸಿ ಮಾಡಿದವರು ಯಾರೂ ಇಲ್ಲವೆಂದು ಮ್ಯಾನೇಜರು ಮೀಟಿಂಗಿನಲ್ಲಿ ಹೇಳುತ್ತಾರಂತೆ. ಮುರಳಿ ಅಂಗಿ ಸರಿಮಾಡಿಕೊಂಡ. ಮ್ಯಾನೇಜರಿಗೆ ಮಾಲಿನಿ ತಮಿಳಿನಲ್ಲಿ ವಿಷಯ ತಿಳಿಸಿದಳು. ಪಾಪ, ಅವನೂ ಒಂದು ಕಾಫಿ ತರಿಸಿಕೊಂಡು ಕುಡಿದ.

ಮೋಟಾರ್ ಸೈಕಲ್ಲನ್ನು ಹಿಂದಿನ ತೊಟ್ಟಿಗೆ ಏರಿಸಿ ಮುರಳಿಯನ್ನೂ ಮುಂದೆ ತುರುಕಿಕೊಂಡೆವು. ವಾಪಸು ಬರುವಾಗ ತಿಮ್ಮರಾಜುವಿನ ಬಾಯಿ ನಿಲ್ಲಲಿಲ್ಲ. ಬಲಭೀಮದ ಫೋರ್ ವೀಲನ್ನೇ ಹೊಸೂರಿನಲ್ಲಿ ಬುಕ್ ಮಾಡುವುದು, ಅದು ಊರುಗೋಲು ಎಂದು ತಾನು ಹೇಳಿದ್ದು ಹಳೆಯ ಮಾಡೆಲ್ಲಿಗೆ ಮಾತ್ರ ಎಂದು ತೀರ್ಮಾನ ಕೊಟ್ಟ. ಬರಲು ಬಹಳ ದಿನ ಆಗುತ್ತದಂತೆ ಎಂದರೆ, ಆಗಲಿ, ಅಲ್ಲಿಯ ತನಕ ಹಳೆಯದನ್ನು ತಾನು ಗುಡ್ಡ ಹತ್ತಿಸುತ್ತೇನೆ ಎಂದ. ಮುಂದಿನ ತಿಂಗಳು ಮತ್ತೆ ಕೃಷ್ಣಗಿರಿಗೆ ಹೋಗುವುದಾದರೆ ತನ್ನನ್ನೂ ಕರೆದುಕೊಂಡು ಹೋಗಬೇಕೆಂದು, ಆ ಗಾಡಿಯ ಗೇರ್ ಬಾಕ್ಸಿನ ಕಡೆ ಇನ್ನೊಂದು ಸಲ ನೋಡಬೇಕೆಂದು, ಮುರಳಿಯ ಕಿವಿಯಲ್ಲಿ ಹೇಳಿದ್ದೂ ನನಗೆ ಕೇಳಿಸಿತು. ನಾರಾಯಣಪ್ಪನವರನ್ನು ಕೋರ್ಟಿನ ಮುಂದೆ ಹತ್ತಿಸಿಕೊಂಡೆವು. ವಾಯಿದೆ ಸಿಕ್ಕಿದೆ ಎಂದು ಖುಷಿಯಲ್ಲಿದ್ದರು. ಮುರಳಿಗೆ ಕೇಸೇ ಇಲ್ಲ ಎಂದು ತಿಳಿದಾಗ ಮಾತ್ರ ಬೇರಿಕೆ ಬರುವ ತನಕ ಬೇಜಾರಿನಲ್ಲೇ ಕೂತಿದ್ದರು.

ಮನೆಯ ಮುಂದೆ ಇಳಿಯುವಾಗ ತಿಮ್ಮರಾಜು ನನ್ನ ಕೈ ಹಿಡಿದು ಇಳಿಸಿ, "ಅತ್ತೆ, ನನ್ ಕಾಗದ?" ಎಂದ.

ಇಲ್ಲೇ ಇದೆ, ತಾರೀಕು ಹಾಕಿ ಕೊಡುತ್ತೇನೆ ಎಂದರೆ ಕೈಗೆ ಬೇಡ ಎಂದ. ಊರೆಲ್ಲ ಕೇಸು ಎಂದು ಆಡಿಕೊಂಡಿದೆ, ಊರೆಲ್ಲ ನೋಡುವ ಹಾಗೆ ಪೋಸ್ಟ್‌ಮ್ಯಾನ್ ತಂದು ಕೊಡಬೇಕು ಎಂದ.

ಮಾರನೆಯ ದಿನ ಬರೆದಿಟ್ಟಿದ್ದ ಕಾಗದ ತೆಗೆದು, ತಾರೀಕು ತುಂಬಿ, ಅರಿಶಿನ ಹಚ್ಚಿ, ಲಕೋಟೆಗೆ ಹಾಕಿ ಮುರಳಿಯ ಜೊತೆ ಬೇರಿಕೆಗೆ ಹೋದೆ. ತಿಮ್ಮರಾಜುವಿನ ಶೆಡ್ಡು ಅಂಚೆ ಕಚೇರಿಯ ಎದುರಿಗೇ ಇದೆ. ಕಾಗದ ಹೊಸೂರಿಗೆ ಹೋಗಿ, ಮುದ್ರೆ ಹೊಡೆಸಿಕೊಂಡು, ಮತ್ತೆ ಬಂದು ರಸ್ತೆ ದಾಟಬೇಕು. ಅವನು ಕೆಲಸ ಬಿಟ್ಟು ಹಳೆಯ ಟೈರಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ. ಸುತ್ತ ನಾಲ್ಕು ಡ್ರೈವರುಗಳನ್ನೂ ಕೂರಿಸಿಕೊಂಡಿದ್ದ.

ಮುರಳಿ ಕಿಟಕಿಯ ಹತ್ತಿರ ಹೋಗಿ, ಸಾದಾ ಟಪಾಲಿಗೆ ಎಷ್ಟು ಎಂದು ಕೇಳಿದ. ಸ್ಪೀಡ್ ಪೋಸ್ಟಿಗೆ ಎಷ್ಟು ಎಂದು ಕೇಳಿದ. ಒಳಗಿನವರು ಎರಡೂ ಹೇಳಿದರು. ಇವನು ಲಕೋಟೆಯನ್ನು ಒಮ್ಮೆ ನೋಡಿದ, ಎದುರಿನ ಶೆಡ್ಡನ್ನು ಒಮ್ಮೆ ನೋಡಿದ, ಮತ್ತೆ ಕಿಟಕಿ ಹಿಡಿದುಕೊಂಡು ಸುಮ್ಮನೆ ನಿಂತ. ಒಳಗಿನವರು ಬೆಲೆ ಇಳಿಸುತ್ತಾರೆ ಎನ್ನುವ ಹಾಗೆ.

ನಾನು ಒಂದು ಸ್ಟಾಂಪು ಕೊಂಡು, ಅವನ ಕೈಯಿಂದ ಲಕೋಟೆ ಕಿತ್ತುಕೊಂಡು, ಸ್ಟಾಂಪು ಅಂಟಿಸಿ, ಗೋಡೆಯ ಕೆಂಪು ಡಬ್ಬಿಯೊಳಕ್ಕೆ ಹಾಕಿಬಿಟ್ಟೆ. ಅದು ತಳಕ್ಕೆ ಬಿದ್ದ ಸದ್ದಿಗೆ ಎದುರಿನ ಶೆಡ್ಡಿನಲ್ಲಿ ತಿಮ್ಮರಾಜು ಎದ್ದು ನಿಂತು, ಪಂಚೆ ಕೊಡವಿಕೊಂಡು, ಡ್ರೈವರುಗಳಿಗೆಲ್ಲ ಕಾಫಿ ಹೇಳಿದ.